ಲಂಡನ್ 1780: ಬೆಂಕಿ ಹಚ್ಚಿದವರಿಗೆ ಗಲ್ಲು, ಜನ ಸೇರಿಸಿದವನಿಗೆ ಖುಲಾಸೆ. ಆ ತೀರ್ಪು ಸರಿನಾ?

ದೀಪದ ಕಂಬ

1780ರಲ್ಲಿ ಲಂಡನ್ನಿನಲ್ಲಿ ಕ್ಯಾಥೊಲಿಕ್ಕರ ವಿರುದ್ಧ ಎದ್ದ ಗಾರ್ಡನ್ ದಂಗೆ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಬರೆದಿದ್ದು ಕಂಡಿಲ್ಲ, ಅದಕ್ಕೆ ಇಲ್ಲಿ ಎತ್ತುತ್ತಿದ್ದೇನೆ. ಮೊದಲು ನಡೆದಿದ್ದು ಹೇಳುತ್ತೇನೆ, ಜಗಳ ಆಮೇಲೆ ಮಾಡೋಣ.

1778ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕ್ಯಾಥೊಲಿಕ್ಕರಿಗೆ ಒಂದಿಷ್ಟು ಸಡಿಲ ಕೊಡುವ ಕಾಯ್ದೆ ಮಾಡಿತು. ತಂದವರು ಸರ್ ಜಾರ್ಜ್ ಸ್ಯಾವಿಲ್. ಅದರಲ್ಲಿ ಇದ್ದಿದ್ದು ತೀರಾ ಕಡಿಮೆ. ಕ್ಯಾಥೊಲಿಕ್ಕರು ಆಸ್ತಿ ಕೊಳ್ಳಬಹುದು, ಅಪ್ಪನ ಆಸ್ತಿ ಮಗನಿಗೆ ಬರಬಹುದು, ಪಾದ್ರಿಯನ್ನು ಹಿಡಿದುಕೊಟ್ಟವರಿಗೆ ಸಿಗುತ್ತಿದ್ದ 100 ಪೌಂಡ್ ಇನಾಮು ಇನ್ನಿಲ್ಲ, ಶಾಲೆ ನಡೆಸಿದರೆ ಜೀವಾವಧಿ ಜೈಲಿಲ್ಲ. ಅಷ್ಟೇ. ಮತದಾನ ಇಲ್ಲ, ಪಾರ್ಲಿಮೆಂಟಿನಲ್ಲಿ ಸೀಟಿಲ್ಲ. ಸರ್ಕಾರಕ್ಕೆ ದಿಢೀರನೆ ದಯೆ ಉಕ್ಕಿತು ಅಂತಲೂ ಅಲ್ಲ. ಅಮೆರಿಕದಲ್ಲಿ ಯುದ್ಧ ನಡೆಯುತ್ತಿತ್ತು, ಸೈನಿಕರು ಬೇಕಿತ್ತು. ಸ್ಕಾಟ್ಲೆಂಡಿನ ಬೆಟ್ಟದ ಕಡೆ ಮತ್ತು ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಹುಡುಗರು ಬೇಕಾದಷ್ಟು ಇದ್ದರು. ಹಳೆಯ ಪ್ರತಿಜ್ಞೆಯಲ್ಲಿದ್ದ ಧರ್ಮದ ಮಾತು ತೆಗೆದರೆ ಅವರೂ ಸೇನೆಗೆ ಬರುತ್ತಾರೆ, ಇದು ಲೆಕ್ಕ.

ಇದೇ ಕಾಯ್ದೆಯನ್ನು ಸ್ಕಾಟ್ಲೆಂಡಿಗೂ ತರುತ್ತೇವೆ ಅಂದಾಗ 1779ರ ಶುರುವಿನಲ್ಲಿ ಎಡಿನ್‌ಬರೋ, ಗ್ಲಾಸ್ಗೋದಲ್ಲಿ ಗಲಾಟೆ ಆಯಿತು. ಕ್ಯಾಥೊಲಿಕ್ಕರ ಪೂಜೆಯ ಜಾಗಕ್ಕೆ ಬೆಂಕಿ ಬಿತ್ತು. ಸರ್ಕಾರ ಹೆದರಿ ಸ್ಕಾಟ್ಲೆಂಡಿನ ಮಟ್ಟಿಗೆ ಕೈಬಿಟ್ಟಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೋರ್ಟಿನಲ್ಲಿ ಬರುತ್ತದೆ. ಗಲಾಟೆ ಮಾಡಿದರೆ ಕಾಯ್ದೆ ನಿಲ್ಲುತ್ತದೆ ಅನ್ನೋ ಪಾಠ ಎಲ್ಲರಿಗೂ ಸಿಕ್ಕಿತು.

ಆಗ ಮುಂದೆ ಬಂದವನು ಲಾರ್ಡ್ ಜಾರ್ಜ್ ಗಾರ್ಡನ್. ಡ್ಯೂಕ್ ಮನೆತನದ ಕಿರಿಯ ಮಗ, ನೌಕಾಪಡೆ ಬಿಟ್ಟು ಬಂದವನು, ಸಂಸದ, ವಯಸ್ಸು 28. ಈ ಕಾಯ್ದೆ ಬೇಡ ಅನ್ನುತ್ತಿದ್ದ ಪ್ರಾಟೆಸ್ಟೆಂಟ್ ಅಸೋಸಿಯೇಷನ್ನಿಗೆ ಅವನೇ ಅಧ್ಯಕ್ಷ. 1780ರ ಜೂನ್ 2, ಶುಕ್ರವಾರ, ಥೇಮ್ಸ್ ನದಿಯ ದಕ್ಷಿಣಕ್ಕಿದ್ದ ಸೇಂಟ್ ಜಾರ್ಜ್ಸ್ ಫೀಲ್ಡ್ಸ್ ಮೈದಾನದಲ್ಲಿ 40ರಿಂದ 60 ಸಾವಿರ ಜನ ಸೇರಿದರು. ಎಲ್ಲರ ಟೋಪಿಯಲ್ಲೂ ನೀಲಿ ರಿಬ್ಬನ್. 1778ರ ಕಾಯ್ದೆ ರದ್ದು ಮಾಡಿ ಅಂತ ಹತ್ತಿರ ಹತ್ತಿರ 44 ಸಾವಿರ ಸಹಿ ಇದ್ದ ಮನವಿಯ ಸುರುಳಿ ಹೊತ್ತುಕೊಂಡು ಪಾರ್ಲಿಮೆಂಟಿಗೆ ಹೊರಟರು. ಬಾಗಿಲಲ್ಲಿ ಲಾರ್ಡುಗಳ ಗಾಡಿಗಳನ್ನು ತಡೆದು ಎಳೆದಾಡಿದರು. ಲಿಂಕನ್ನಿನ ಬಿಷಪ್ಪನ ಗಾಡಿ ಪುಡಿ. ಲಾರ್ಡ್ ಮ್ಯಾನ್ಸ್‌ಫೀಲ್ಡ್ ಗಾಡಿಯ ಗಾಜು ಚೂರು. ಒಳಗೆ ಗಾರ್ಡನ್ ಏನು ಮಾಡುತ್ತಿದ್ದ ಗೊತ್ತಾ? ಸದನದಿಂದ ಆಗಾಗ ಎದ್ದು ಹೊರಗೆ ಬಂದು, ಒಳಗೆ ಯಾರು ವಿರುದ್ಧ ಮಾತಾಡುತ್ತಿದ್ದಾರೆ ಅಂತ ಹೆಸರು ಹಿಡಿದು ಜನಕ್ಕೆ ವರದಿ ಒಪ್ಪಿಸುತ್ತಿದ್ದ. ಕೊನೆಗೆ ಅವನ ಸಂಬಂಧಿಕನೇ ಆದ ಒಬ್ಬ ಸಂಸದ, ಜನ ಒಳಗೆ ನುಗ್ಗಿದರೆ ನನ್ನ ಕತ್ತಿ ಮೊದಲು ಹೋಗೋದು ನಿನ್ನ ಹೊಟ್ಟೆಗೆ ಅಂದನಂತೆ.

ಮನವಿ ಬಿತ್ತು. ತಕ್ಷಣ ಚರ್ಚೆ ಬೇಡ ಅಂದವರು 192, ಬೇಕು ಅಂದವರು ಬೆರಳೆಣಿಕೆ.

ಆ ರಾತ್ರಿಯಿಂದ ಹತ್ತಿರ ಹತ್ತಿರ ಒಂದು ವಾರ ಲಂಡನ್ ಹೊತ್ತಿ ಉರಿಯಿತು. ಗುಂಡೇಟಿಗೆ ಸತ್ತವರು ಸೇನೆಯ ಲೆಕ್ಕದಲ್ಲೇ 285. ಆಮೇಲೆ ಗಲ್ಲಿಗೇರಿದವರು ಸುಮಾರು 25 ಜನ. ಗಾರ್ಡನ್ನನ್ನು ಜೂನ್ 9ಕ್ಕೆ ಹಿಡಿದು ಟವರ್ ಆಫ್ ಲಂಡನ್ನಿಗೆ ಹಾಕಿದರು, ರಾಜದ್ರೋಹದ ಕೇಸು. 1781ರ ಫೆಬ್ರವರಿಯಲ್ಲಿ ವಿಚಾರಣೆ. ಜ್ಯೂರಿ ಅರ್ಧ ಗಂಟೆಯಲ್ಲಿ ನಿರ್ದೋಷಿ ಅಂದಿತು.

ನನ್ನ ಪ್ರಶ್ನೆ ಇಷ್ಟೇ. ಇದು ದೊಡ್ಡ ಮನೆಯ ಹುಡುಗ ತಪ್ಪಿಸಿಕೊಂಡ ಕತೆ ತಾನೇ?

ಬಿಜೈ ಹುಡುಗಿ

ಹೌದು, ಅದೇ ಕತೆ. ಸತ್ತವರ, ಗಲ್ಲಿಗೇರಿದವರ ಪಟ್ಟಿ ನೋಡಿದರೆ ಸಾಕು. ಟವರ್ ಹಿಲ್‌ನಲ್ಲಿ ಜುಲೈ 11ಕ್ಕೆ ಮೂವರನ್ನು ಗಲ್ಲಿಗೇರಿಸಿದರು. ಮೇರಿ ರಾಬರ್ಟ್ಸ್, ಶಾರ್ಲೆಟ್ ಗಾರ್ಡಿನರ್ ಅಂತ ಇಬ್ಬರು ಹೆಂಗಸರು. ಇವರಲ್ಲಿ ಶಾರ್ಲೆಟ್ ಕಪ್ಪು ಹೆಂಗಸು. ಮೂರನೆಯವನು ವಿಲಿಯಂ ಮೆಕ್‌ಡೊನಾಲ್ಡ್, ಒಂದೇ ಕೈ ಉಳಿದಿದ್ದ ಮಾಜಿ ಸೈನಿಕ. ಇವರೆಲ್ಲ ಸೇರಿ ಕೆಡವಿದ್ದು ಒಬ್ಬ ಇಟಲಿಯವನು ನಡೆಸುತ್ತಿದ್ದ ಹೆಂಡದಂಗಡಿ. ಗಲ್ಲಿಗೇರಿದವರಲ್ಲಿ ಹದಿಹರೆಯದ ಹುಡುಗರೂ ಇದ್ದರು. ಇನ್ನು ಡ್ಯೂಕ್ ಮನೆಯ ಹುಡುಗ ಎಂಟು ತಿಂಗಳು ಟವರಿನಲ್ಲಿ ಅತಿಥಿಗಳನ್ನು ಬರಮಾಡಿಕೊಂಡು ಕೂತಿದ್ದ. ಜಾನ್ ವೆಸ್ಲಿಯಂಥ ದೊಡ್ಡ ಬೋಧಕರೇ ಹೋಗಿ ಮಾತಾಡಿಸಿ ಬಂದರು.

ಇನ್ನೊಂದು ಮಾತು. ಆ ವಾರ ಲಂಡನ್ನಿನಲ್ಲಿ ಕ್ಯಾಥೊಲಿಕ್ಕರು ಹೇಗೆ ಇದ್ದಿರಬಹುದು ಅಂತ ಯಾರೂ ಕೇಳಲ್ಲ, ಬರೀ ಗಾರ್ಡನ್ ಗಾರ್ಡನ್. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಪೋಪ್ ಬೇಡ" ಅಂತ ಬರೆದುಕೊಂಡರೆ ಮನೆ ಉಳಿಯುತ್ತಿತ್ತು. ಕ್ಯಾಥೊಲಿಕ್ಕರಲ್ಲದವರೂ ಹೆದರಿ ಬರೆದುಕೊಂಡರು, ಕಿಟಕಿಗೆ ನೀಲಿ ಬಟ್ಟೆ ಕಟ್ಟಿದರು.

ಅಡ್ವೊಕೇಟ್ ಹಾವೇರಿ

ದೀಪದ ಕಂಬ ಸಾರ್, ಬಿಜೈ ಮೇಡಂ, ನಾನು ಬೇರೆ ಹೇಳುತ್ತೇನೆ, ಬೈಬೇಡಿ. ಖುಲಾಸೆ ಸರಿಯಾಗಿಯೇ ಇತ್ತು. ತಪ್ಪಿದ್ದು ಕೇಸು ಹಾಕಿದ ರೀತಿ.

ನಮ್ಮ ಕಡೆ ಕೋರ್ಟಿನಲ್ಲಿ ದಿನಾ ನೋಡುತ್ತೇವೆ. ಜನರ ಸಿಟ್ಟು ಜೋರಾಗಿದ್ದಾಗ ಇರೋದರಲ್ಲಿ ಅತಿ ದೊಡ್ಡ ಸೆಕ್ಷನ್ ಹಾಕುತ್ತಾರೆ. ಪೇಪರಿನಲ್ಲಿ ಚೆನ್ನಾಗಿ ಕಾಣುತ್ತದೆ. ವಿಚಾರಣೆಗೆ ಬಂದಾಗ ಆ ದೊಡ್ಡ ಸೆಕ್ಷನ್ ಕೇಳುವ ಪುರಾವೆ ಕೈಯಲ್ಲಿ ಇರಲ್ಲ, ಆರೋಪಿ ನಗುನಗುತ್ತಾ ಮನೆಗೆ ಹೋಗುತ್ತಾನೆ.

ಮೊದಲು ಒಂದು ವ್ಯತ್ಯಾಸ ಗಮನಿಸಿ. ಗಲ್ಲಿಗೇರಿದ ಬಡವರ ಮೇಲೆ ರಾಜದ್ರೋಹದ ಕೇಸು ಇರಲಿಲ್ಲ. ಅವರ ಮೇಲೆ ಹಾಕಿದ್ದು ದೊಂಬಿ ಕಾಯ್ದೆ, ಅಂದರೆ 1714ರ ರಾಯಟ್ ಆಕ್ಟ್. ಗುಂಪು ಕಟ್ಟಿಕೊಂಡು ಮನೆ ಕೆಡವಲು ಶುರು ಮಾಡಿದರೂ ಸಾಕು, ಗಲ್ಲು. ಸಾಬೀತು ಮಾಡೋದು ಸುಲಭ. ನೆರೆಮನೆಯವನು ಬಂದು "ಇವಳು ಕಿಟಕಿ ಚೌಕಟ್ಟು ಕೀಳುತ್ತಿದ್ದಳು" ಅಂದರೆ ಮುಗಿಯಿತು. ಬಡವರಿಗೆ ವಕೀಲರೂ ಇರಲಿಲ್ಲ.

ಗಾರ್ಡನ್ ಮೇಲೆ ಹಾಕಿದ್ದು 1351ರ ಕಾಯ್ದೆ, ಮೂರನೇ ಎಡ್ವರ್ಡ್ ಕಾಲದ್ದು. ಆರೋಪ ರಾಜನ ಮೇಲೆ ಯುದ್ಧ ಸಾರಿದ ಅಂತ. ಇವನು ಕತ್ತಿ ಎತ್ತಿಲ್ಲ, ದಂಡು ಕಟ್ಟಿಲ್ಲ, ಮತ್ತೆ ಯುದ್ಧ ಹೇಗೆ? ಅದಕ್ಕೆ ಜಡ್ಜುಗಳು ನೂರಾರು ವರ್ಷಗಳಲ್ಲಿ ಹಿಗ್ಗಿಸಿಕೊಂಡು ಬಂದ ಒಂದು ಅರ್ಥ ಇತ್ತು. 1710ರಲ್ಲಿ ಲಂಡನ್ನಿನಲ್ಲೇ ಇನ್ನೊಂದು ದಂಗೆ ಆಗಿತ್ತು. ಆಗ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಗುಂಪುಗಳು ಬೇರೆ ಪ್ರಾಟೆಸ್ಟೆಂಟರ ಪ್ರಾರ್ಥನಾ ಮನೆಗಳನ್ನು ಕೆಡವಿದವು. ಡ್ಯಾಮರಿ ಅಂತ ಒಬ್ಬ ದೋಣಿಯವನ ಮೇಲೆ ರಾಜದ್ರೋಹದ ಕೇಸಾಯಿತು. ಕೋರ್ಟು ಹೇಳಿದ್ದು ಹೀಗೆ: ಸ್ವಂತ ಜಗಳಕ್ಕೆ ಒಂದು ಮನೆ ಕೆಡವಿದರೆ ಅದು ದೊಂಬಿ. ಆ ಪಂಗಡದ ಎಲ್ಲಾ ಪ್ರಾರ್ಥನಾ ಮನೆಗಳನ್ನೂ ಕೆಡವುತ್ತೇವೆ ಅಂತ ಹೊರಟರೆ ಅದು ದೇಶದ ಕಾಯ್ದೆಯ ಮೇಲೇ ಯುದ್ಧ, ಅಂದರೆ ರಾಣಿಯ ಮೇಲೆ ಯುದ್ಧ. ಡ್ಯಾಮರಿಗೆ ಶಿಕ್ಷೆಯಾಯಿತು, ಆಮೇಲೆ ಕ್ಷಮಾದಾನ ಸಿಕ್ಕಿತು. ಗಾರ್ಡನ್ ಕೇಸು ನಿಂತಿದ್ದು ಇದೇ ತಳಪಾಯದ ಮೇಲೆ. ಹೆದರಿಸಿ ಕಾಯ್ದೆ ರದ್ದು ಮಾಡಿಸಲು ಜನ ಸೇರಿಸಿದರೆ ಅದು ಯುದ್ಧ ಅಂತ.

ಹಾಗಾದರೆ ಪ್ರಾಸಿಕ್ಯೂಷನ್ ತೋರಿಸಬೇಕಾದ್ದು ಏನು? ಜನ ಸೇರಿಸಿದ ಅಂತ ತೋರಿಸಿದರೆ ಸಾಲದು. ಹಿಂಸೆಯಿಂದ ಪಾರ್ಲಿಮೆಂಟನ್ನು ಬಗ್ಗಿಸಬೇಕು ಅನ್ನೋದೇ ಅವನ ಉದ್ದೇಶ ಆಗಿತ್ತು ಅಂತ ತೋರಿಸಬೇಕು. ಅದನ್ನು ಅವರಿಗೆ ತೋರಿಸಲು ಆಗಲಿಲ್ಲ.

ಲಿಂಗಸುಗೂರು ಎಕ್ಸ್‌ಪ್ರೆಸ್

ವಕೀಲರೇ ಒಂದು ನಿಮಿಷ. ಪುರಾವೆ ಇರಲಿಲ್ಲ ಅಂತೀರಲ್ಲ, ಅವನೇ ಸಹಿ ಹಾಕಿದ ಚೀಟಿ ಇತ್ತಲ್ಲ ಕೋರ್ಟಿನಲ್ಲಿ? "ಈ ಮನೆಯ ಯಜಮಾನ ನಮ್ಮ ಪಕ್ಷದವನು, ಇವನ ಆಸ್ತಿ ಮುಟ್ಟಬೇಡಿ" ಅನ್ನೋ ಅರ್ಥದ್ದು. ಜೂನ್ 7ಕ್ಕೆ ಬರೆದಿದ್ದು, ಅಂದರೆ ಊರು ಉರಿಯುತ್ತಿದ್ದಾಗ. ಮುಟ್ಟಬೇಡಿ ಅಂದರೆ ಮುಟ್ಟದೇ ಇರುತ್ತಾರೆ ಅನ್ನೋ ನಂಬಿಕೆ ಇದ್ದವನಿಗೆ, ಮುಟ್ಟಿ ಅನ್ನುವ ಶಕ್ತಿಯೂ ಇತ್ತು ತಾನೇ?

ಆಮೇಲೆ ಸದನದ ಪಾದ್ರಿಯೇ ಸಾಕ್ಷಿ ಹೇಳಿದರು. ಸ್ಕಾಟ್ಲೆಂಡಿನವರಿಗೆ ಚಾಪೆಲ್ (ಕ್ಯಾಥೊಲಿಕ್ಕರ ಪೂಜೆಯ ಜಾಗ) ಕೆಡವಿದ ಮೇಲೆಯೇ ನ್ಯಾಯ ಸಿಕ್ಕಿದ್ದು ಅಂತ ಗಾರ್ಡನ್ ಜನರ ಮುಂದೆ ಹೇಳಿದ ಅಂತ. ಮೇಲೆ ದೀಪದ ಕಂಬ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ ಇರಬೇಕು. ಇದಕ್ಕಿಂತ ಇನ್ನೇನು ಬೇಕು?

ದೀಪದ ಕಂಬ

ಅದಕ್ಕೇ ಹೇಳಿದ್ದು 😀

ಅಡ್ವೊಕೇಟ್ ಹಾವೇರಿ

ಪ್ರಶ್ನೆ ಚೆನ್ನಾಗಿದೆ. ಚೀಟಿ ಇತ್ತು. ಆದರೆ ಅದನ್ನು ಬರೆದವನು ಗಾರ್ಡನ್ ಅಲ್ಲ. ಮನೆಯ ಯಜಮಾನನೇ ಬರೆದುಕೊಂಡು ಬಂದು ಗಾಡಿಯ ಹತ್ತಿರ ನಿಂತು ಸಹಿ ಕೇಳಿದ, ಇವನು ಹಾಕಿದ. ಮನೆ ಉಳಿಸಲು ಕೊಟ್ಟ ಕಾಗದವನ್ನೇ ಯುದ್ಧ ಸಾರಿದ್ದಕ್ಕೆ ಪುರಾವೆ ಮಾಡುತ್ತೀರಾ ಅಂತ ಕೇಳಿದರೆ ಜ್ಯೂರಿಗೆ ಯೋಚನೆ ಶುರುವಾಗುತ್ತದೆ. ಸಾಲದ್ದಕ್ಕೆ ಅದೇ ದಿನ ಅವನು ರಾಜನನ್ನು ಕಾಣಬೇಕು, ಗಲಾಟೆ ನಿಲ್ಲಿಸಲು ಸಹಾಯ ಮಾಡುತ್ತೇನೆ ಅಂತ ಅರಮನೆಗೆ ಹೋಗಿದ್ದ. ಒಳಗೆ ಬಿಡಲಿಲ್ಲ.

ಸಾಕ್ಷಿಗಳ ಗತಿ ನೋಡಿ. ಹೇ ಅಂತ ಒಬ್ಬ ಮುದ್ರಕ. ಮೈದಾನದಲ್ಲಿ ಬಾವುಟ ಹಿಡಿದಿದ್ದವನನ್ನೇ ಆಮೇಲೆ ಬೆಂಕಿ ಬಿದ್ದ ಜಾಗದಲ್ಲೂ ನೋಡಿದೆ ಅಂದ. ಗಾರ್ಡನ್ ಕರೆದ ಸಭೆಗೂ ದಂಗೆಗೂ ಗಂಟು ಹಾಕುವ ಮುಖ್ಯ ಸಾಕ್ಷಿ ಇದು. ಆ ಬಾವುಟದವನು ಹೇಗಿದ್ದ ಅಂದರೆ ಬಿಯರ್ ಕಾರ್ಖಾನೆಯ ಆಳಿನ ಥರ ಇದ್ದ ಅಂತ ಉತ್ತರ. ಹೇಗೆ ಗೊತ್ತಾಯಿತು? ಬಟ್ಟೆ ನೋಡಿ. ಹಾಗಾದರೆ ಬಿಯರ್ ಕಾರ್ಖಾನೆಯವನ ಚಡ್ಡಿಗೂ ಬೇರೆಯವರ ಚಡ್ಡಿಗೂ ಏನು ವ್ಯತ್ಯಾಸ ಹೇಳಪ್ಪ ಅಂತ ಗಾರ್ಡನ್ ಪರ ವಕೀಲರು ಹಿಡಿದುಕೊಂಡರು. ಸಾಕ್ಷಿ ತಡವರಿಸಿದ. ಪಾಟೀಸವಾಲಿನಲ್ಲಿ ಸಾಕ್ಷಿ ಬೀಳೋದು ಇಂಥ ಸಣ್ಣ ಜಾಗದಲ್ಲೇ.

ಪಾದ್ರಿಯ ಸಾಕ್ಷ್ಯ ಗಟ್ಟಿ ಇತ್ತು, ಒಪ್ಪುತ್ತೇನೆ. ಆದರೆ ಅದು ಪ್ರಚೋದನೆಗೆ ಗಟ್ಟಿ. ಯುದ್ಧಕ್ಕೆ ಅಲ್ಲ.

ಗಾರ್ಡನ್ ಪರ ಇದ್ದವರು ಇಬ್ಬರು, ಲಾಯ್ಡ್ ಕೆನ್ಯನ್ ಮತ್ತು ಥಾಮಸ್ ಅರ್ಸ್ಕಿನ್. ಅರ್ಸ್ಕಿನ್‌ಗೆ ವಕೀಲಿಕೆಗೆ ಬಂದು ಇನ್ನೂ ಜಾಸ್ತಿ ವರ್ಷ ಆಗಿರಲಿಲ್ಲ. ತನ್ನ ವಾದವನ್ನು ಸಾಕ್ಷಿಗಳೆಲ್ಲ ಮುಗಿದ ಮೇಲೆ ಇಟ್ಟುಕೊಂಡ, ಅವನು ಎದ್ದು ನಿಂತಾಗ ಮಧ್ಯರಾತ್ರಿ ದಾಟಿತ್ತು. ಒಂದೇ ಎಳೆ ಹಿಡಿದ. ಆಮೇಲೆ ಏನಾಯಿತು ಅನ್ನೋದರಿಂದ ಮೊದಲು ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಮಾನ ಮಾಡಬೇಡಿ ಅಂತ. ಬೆಳಗಿನ ಜಾವ ಐದರ ಹೊತ್ತಿಗೆ ತೀರ್ಪು ಬಂತು.

ಲಂಡನ್‌ನಲ್ಲಿ ಶಿರಸಿ

ನಾನು ಓದುತ್ತಾ ಕೂತಿದ್ದೆ, ಒಂದು ವಿಷಯ ಯಾರೂ ಎತ್ತಲಿಲ್ಲವಲ್ಲ. ಆ ಕೇಸಿನ ಜಡ್ಜು ಯಾರು ಅಂತ ಗೊತ್ತಲ್ವಾ? ಲಾರ್ಡ್ ಮ್ಯಾನ್ಸ್‌ಫೀಲ್ಡ್! ಗಾಡಿಯ ಗಾಜು ಒಡೆಸಿಕೊಂಡವರು. ಅಷ್ಟೇ ಅಲ್ಲ, ಬ್ಲೂಮ್ಸ್‌ಬರಿ ಸ್ಕ್ವೇರಿನ ಅವರ ಮನೆಯನ್ನು ದಂಗೆಕೋರರು ಸುಟ್ಟಿದ್ದರು. ಪುಸ್ತಕ, ಟಿಪ್ಪಣಿ, ಜೀವಮಾನದ ಕಾಗದಪತ್ರ ಎಲ್ಲ ಬೂದಿ. ಈಗಿನ ಕಾಲದಲ್ಲಾದರೆ ಆ ಜಡ್ಜು ಕೇಸಿನಿಂದ ಹಿಂದೆ ಸರಿಯಬೇಕಿತ್ತು.

ಜನಕ್ಕೆ ಅವರ ಮೇಲೆ ಸಿಟ್ಟು ಯಾಕೆ ಅಂದರೆ, ಕ್ಯಾಥೊಲಿಕ್ ಪಾದ್ರಿಗಳ ಮೇಲೆ ಇನಾಮಿನ ಆಸೆಗೆ ಕೇಸು ಹಾಕುತ್ತಿದ್ದವರಿಗೆ 1768ರಲ್ಲೇ ಅಡ್ಡಗಾಲು ಹಾಕಿದ್ದರು. ಪೂಜೆ ಮಾಡುತ್ತಿದ್ದ ಅಂದರೆ ಸಾಲದು, ಇವನಿಗೆ ಪಾದ್ರಿ ದೀಕ್ಷೆ ಆಗಿದೆ ಅಂತ ಸಾಬೀತು ಮಾಡಿ ಅಂದರು. ಯಾರು ಸಾಬೀತು ಮಾಡುತ್ತಾರೆ? ಕೇಸುಗಳು ಉದುರಿದವು.

ಸುಟ್ಟ ಜಾಗಗಳ ವಿಚಾರಕ್ಕೆ ಬಂದರೆ, ಮೊದಲ ರಾತ್ರಿ ಹೋಗಿದ್ದು ಸಾರ್ಡಿನಿಯಾ ಮತ್ತು ಬವೇರಿಯಾ ರಾಯಭಾರಿಗಳ ಚಾಪೆಲ್‌ಗಳು. ವಿದೇಶಿ ರಾಯಭಾರಿಯ ಜಾಗದಲ್ಲಿ ಮಾತ್ರ ಕ್ಯಾಥೊಲಿಕ್ ಪೂಜೆ ನಿರಾಳವಾಗಿ ನಡೆಯುತ್ತಿತ್ತು, ಅದಕ್ಕೆ ಅಲ್ಲೇ ಹೋದರು. ಬವೇರಿಯಾದ ಚಾಪೆಲ್ ಇದ್ದಲ್ಲಿ, ವಾರ್ವಿಕ್ ಸ್ಟ್ರೀಟಿನಲ್ಲಿ, 1790ರಲ್ಲಿ ಮತ್ತೆ ಕಟ್ಟಿದ ಚರ್ಚು ಈಗಲೂ ಇದೆ. ರೀಜೆಂಟ್ ಸ್ಟ್ರೀಟಿನಲ್ಲಿ ಶಾಪಿಂಗಿಗೆ ಬಂದವರು ಎರಡು ಹೆಜ್ಜೆ ಒಳಗೆ ಹೋದರೆ ಸಿಗುತ್ತದೆ. ಹೊರಗಿನಿಂದ ನೋಡಿದರೆ ಚರ್ಚು ಅಂತಲೇ ಅನ್ನಿಸಲ್ಲ, ಸುಮ್ನೆ ಒಂದು ಇಟ್ಟಿಗೆ ಕಟ್ಟಡ. ನ್ಯೂಗೇಟ್ ಜೈಲು ಇದ್ದಲ್ಲಿ ಈಗ ಓಲ್ಡ್ ಬೇಲಿ ಕೋರ್ಟಿದೆ.

ಹಳೇ ಸಂತೆ

ಗಲಾಟೆ ಧರ್ಮದ್ದೇ ಅಂತ ಎಲ್ಲರೂ ಒಪ್ಪಿಕೊಂಡ ಹಾಗಿದೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮೊದಲ ನಾಲ್ಕು ದಿನ ಚಾಪೆಲ್, ಕ್ಯಾಥೊಲಿಕ್ಕರ ಮನೆ, ಸ್ಯಾವಿಲ್ ಮನೆ, ಸರಿ. ಮಂಗಳವಾರದಿಂದ ಬಣ್ಣ ಬದಲಾಯಿತು. ನ್ಯೂಗೇಟ್ ಜೈಲು ಸುಟ್ಟು ಕೈದಿಗಳನ್ನು ಬಿಟ್ಟರು. ಬುಧವಾರ ಫ್ಲೀಟ್ ಜೈಲು, ಕಿಂಗ್ಸ್ ಬೆಂಚ್ ಜೈಲು, ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಟೋಲ್ ಮನೆಗಳು, ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್. ಟೋಲ್ ಮನೆಗೂ ಪೋಪನಿಗೂ ಏನು ಸಂಬಂಧ? ಫ್ಲೀಟಿನಲ್ಲಿ ಇದ್ದವರು ಸಾಲ ತೀರಿಸದವರು. ಇದು ಬಡವರು ತಮಗೆ ನೋವು ಕೊಟ್ಟ ಜಾಗಗಳನ್ನೇ ಹುಡುಕಿಕೊಂಡು ಹೋದದ್ದು. ಕ್ಯಾಥೊಲಿಕ್ಕರಲ್ಲೂ ಏಟು ಬಿದ್ದಿದ್ದು ಹೆಚ್ಚಾಗಿ ಅಂಗಡಿ, ಆಸ್ತಿ ಇದ್ದವರಿಗೆ.

ಹೋಬರ್ನಿನ ಲ್ಯಾಂಗ್‌ಡೇಲ್ ಡಿಸ್ಟಿಲರಿ ಕತೆ ಮಾತ್ರ ಭೀಕರ. ಮಾಲೀಕ ಕ್ಯಾಥೊಲಿಕ್. ಪೀಪಾಯಿ ಒಡೆದು ಜಿನ್ ಚರಂಡಿಯಲ್ಲಿ ಹರಿಯಿತು, ಜನ ಬೊಗಸೆಯಲ್ಲಿ ಕುಡಿದರು, ಅದಕ್ಕೇ ಬೆಂಕಿ ತಗುಲಿತು. ಕುಡಿಯುತ್ತಿದ್ದವರು ಅಲ್ಲೇ ಬೆಂದರು.

ಇನ್ನೊಂದು ತಮಾಷೆ, ಸರ್ಕಾರದ ಗಲ್ಲು ಹಾಕುವವನು ಎಡ್ವರ್ಡ್ ಡೆನಿಸ್ ಕೂಡ ದಂಗೆಯಲ್ಲಿ ಸಿಕ್ಕಿಬಿದ್ದ! ಅವನಿಗೂ ಗಲ್ಲು ಅಂತ ತೀರ್ಪಾಯಿತು, ಆಮೇಲೆ ಬಿಟ್ಟರು. ಕೆಲಸ ಜಾಸ್ತಿ ಇತ್ತಲ್ಲ.

ಬಿಜೈ ಹುಡುಗಿ

ಹಳೇ ಸಂತೆ ಅವರೇ, ಟೋಲ್ ಮನೆ ಸುಟ್ಟಿದ್ದರಿಂದ ಚಾಪೆಲ್ ಸುಟ್ಟಿದ್ದು ಬಡವರ ಹೋರಾಟ ಆಗಲ್ಲ. ಮೂರ್‌ಫೀಲ್ಡ್ಸ್‌ನಲ್ಲಿ ಇದ್ದ ಐರಿಶ್ ಜನ ಕೂಲಿಗಳು, ನೇಕಾರರು. ಭಾನುವಾರ ಗುಂಪು ಅಲ್ಲಿಗೂ ಹೋಯಿತು, ಅವರ ಚಾಪೆಲ್, ಮನೆ ಎರಡೂ ಹಾಳಾದವು. ಅವರೇನು ಶ್ರೀಮಂತರಾ? ಎರಡೂ ಇತ್ತು ಅನ್ನಿ, ಒಪ್ಪುತ್ತೇನೆ. ಧರ್ಮದ್ದು ನೆಪ ಅನ್ನಬೇಡಿ.

ಲಿಂಗಸುಗೂರು ಎಕ್ಸ್‌ಪ್ರೆಸ್

ಅಷ್ಟು ದಿನ ಸೇನೆ ಏನು ಮಾಡುತ್ತಿತ್ತು? ಇದು ನನಗೆ ಅರ್ಥ ಆಗಲಿಲ್ಲ.

ಅಡ್ವೊಕೇಟ್ ಹಾವೇರಿ

ನಿಂತು ನೋಡುತ್ತಿತ್ತು. ಲಂಡನ್ನಿಗೆ ಆಗ ಪೊಲೀಸ್ ಪಡೆ ಅಂತ ಇರಲಿಲ್ಲ, ಅದು ಬಂದಿದ್ದು 1829ಕ್ಕೆ. ಕಾವಲುಗಾರರು, ಒಂದಿಷ್ಟು ಕಾನ್‌ಸ್ಟೇಬಲ್‌ಗಳು, ಅಷ್ಟೇ. ಸೈನಿಕರಿದ್ದರೂ ಮ್ಯಾಜಿಸ್ಟ್ರೇಟು ಬಂದು ರಾಯಟ್ ಆಕ್ಟ್ ಓದಬೇಕು, ಒಂದು ಗಂಟೆ ಕಾಯಬೇಕು, ಆಮೇಲೇ ಗುಂಡು ಅಂತ ಎಲ್ಲರೂ ನಂಬಿದ್ದರು. ಓದಿದ ಮ್ಯಾಜಿಸ್ಟ್ರೇಟಿನ ಮನೆ ಸುಡುತ್ತಿದ್ದರು, ಹಾಗಾಗಿ ಓದಲು ಯಾರೂ ಬರಲಿಲ್ಲ. ಲಾರ್ಡ್ ಮೇಯರ್ ಕೆನೆಟ್ ಕೈಕಟ್ಟಿ ಕೂತಿದ್ದಕ್ಕೆ ಆಮೇಲೆ ಅವನ ಮೇಲೂ ಕೇಸಾಗಿ ತಪ್ಪಿತಸ್ಥ ಅಂತ ಆಯಿತು. ಕೊನೆಗೆ ಬುಧವಾರ ರಾಜನ ಸಮ್ಮುಖದಲ್ಲಿ ಅಟಾರ್ನಿ ಜನರಲ್ ವೆಡರ್‌ಬರ್ನ್, ಮನೆ ಸುಡುತ್ತಿರುವವರನ್ನು ತಡೆಯಲು ಯಾವ ಕಾಗದವನ್ನೂ ಓದಬೇಕಿಲ್ಲ ಅಂದ. ಆ ರಾತ್ರಿ ಸೈನಿಕರು ಗುಂಡು ಹಾರಿಸಿದರು. ಬ್ಯಾಂಕ್ ಕಾಯಲು ನಿಂತವರಲ್ಲಿ ಜಾನ್ ವಿಲ್ಕ್ಸ್ ಕೂಡ ಇದ್ದ, ಹಿಂದೆ ಇದೇ ಬೀದಿ ಜನರ ಕಣ್ಮಣಿ ಆಗಿದ್ದವನು. ಬ್ಯಾಂಕಿಗೆ ಅವತ್ತು ಶುರುವಾದ ಸೈನ್ಯದ ರಾತ್ರಿ ಕಾವಲು 1973ರವರೆಗೂ ನಡೆಯಿತು.

ದೀಪದ ಕಂಬ

ವಕೀಲ್ ಸಾರ್, ಮೂಲ ಪ್ರಶ್ನೆಗೆ ಬರೋಣ. ರಾಜದ್ರೋಹ ಜಾಸ್ತಿಯಾಯಿತು ಅಂತೀರಿ. ಹಾಗಾದರೆ ಏನು ಹಾಕಬೇಕಿತ್ತು?

ಅಡ್ವೊಕೇಟ್ ಹಾವೇರಿ

1661ರ ಒಂದು ಕಾಯ್ದೆ ಇತ್ತು. 20ಕ್ಕಿಂತ ಜಾಸ್ತಿ ಸಹಿ ಇರುವ ಮನವಿಗೆ ಮೊದಲೇ ಅಧಿಕಾರಿಗಳ ಒಪ್ಪಿಗೆ ಬೇಕು. ಮನವಿ ಕೊಡಲು 10 ಜನಕ್ಕಿಂತ ಜಾಸ್ತಿ ಹೋಗುವ ಹಾಗಿಲ್ಲ. ಗಾರ್ಡನ್ 44 ಸಾವಿರ ಸಹಿ ಹೊತ್ತು, ಅರ್ಧ ಲಕ್ಷ ಜನರ ಜೊತೆ ಹೋದ. ಉದ್ದೇಶ ಗಿದ್ದೇಶ ಏನೂ ಬೇಡ, ಎಣಿಸಿದರೆ ಸಾಕು. ಆ ಕಾಯ್ದೆ 1689ರ ಹಕ್ಕುಗಳ ಮಸೂದೆ ಬಂದಾಗಲೇ ಸತ್ತಿದೆ ಅಂತ ಕೆಲವರ ವಾದ ಇತ್ತು. ಮ್ಯಾನ್ಸ್‌ಫೀಲ್ಡ್ ಇದೇ ಗಾರ್ಡನ್ ವಿಚಾರಣೆಯಲ್ಲಿ, ಇಲ್ಲ, ಪೂರ್ತಿ ಜೀವಂತವಾಗಿದೆ ಅಂತ ಹೇಳಿದರು. ಜಡ್ಜೇ ಬಾಯಿಬಿಟ್ಟು ಹೇಳಿದ ಕಾಯ್ದೆಯನ್ನು ಬಿಟ್ಟು 1351ಕ್ಕೆ ಹೋದರು.

ಬಿಜೈ ಹುಡುಗಿ

ಶಿಕ್ಷೆ ಎಷ್ಟು ಅದರಲ್ಲಿ?

ಅಡ್ವೊಕೇಟ್ ಹಾವೇರಿ

100 ಪೌಂಡ್ ದಂಡ, 3 ತಿಂಗಳು ಜೈಲು.

ಬಿಜೈ ಹುಡುಗಿ

ಅಷ್ಟೇನಾ! ಕಿಟಕಿ ಚೌಕಟ್ಟು ಕಿತ್ತವಳಿಗೆ ಗಲ್ಲು, ಇವನಿಗೆ ಮೂರು ತಿಂಗಳು. ಇದನ್ನು ನ್ಯಾಯ ಅಂತೀರಾ ವಕೀಲರೇ?

ಅಡ್ವೊಕೇಟ್ ಹಾವೇರಿ

ಅನ್ನಲ್ಲ. ಆದರೆ ಆ ಅನ್ಯಾಯ ಇರೋದು ಶಾರ್ಲೆಟ್ ಗಾರ್ಡಿನರ್‌ಗೆ ಹಾಕಿದ ಗಲ್ಲಿನಲ್ಲಿ, ಗಾರ್ಡನ್‌ಗೆ ಹಾಕದ ಗಲ್ಲಿನಲ್ಲಿ ಅಲ್ಲ. ಅವತ್ತು ಜ್ಯೂರಿ ಅವನನ್ನು ರಾಜದ್ರೋಹಿ ಅಂದಿದ್ದರೆ, ಮುಂದೆ ಪಾರ್ಲಿಮೆಂಟಿಗೆ ಮನವಿ ಹೊತ್ತು ಹೋದವರ ಕತ್ತಿಗೆಲ್ಲ ಅದೇ ಹಗ್ಗ. 1794ರಲ್ಲಿ ಮತದಾನದ ಹಕ್ಕು ಕೇಳಿದ ಥಾಮಸ್ ಹಾರ್ಡಿ ಅನ್ನೋ ಚಮ್ಮಾರನ ಮೇಲೆ ಸರ್ಕಾರ ಇದೇ ಥರ ಹಿಗ್ಗಿಸಿದ ರಾಜದ್ರೋಹದ ಕೇಸು ಹಾಕಿತು. ಅವನನ್ನು ಬಿಡಿಸಿದ್ದೂ ಇದೇ ಅರ್ಸ್ಕಿನ್. ನಮ್ಮಲ್ಲಿ ಐಪಿಸಿ 121 ಇತ್ತಲ್ಲ, ಈಗ ಬಿಎನ್‌ಎಸ್ 147, ಸರ್ಕಾರದ ವಿರುದ್ಧ ಯುದ್ಧ ಸಾರುವುದು. ಅದು ಇಂಗ್ಲೆಂಡಿನ ಈ ಯುದ್ಧ ಸಾರುವ ಅಪರಾಧದ ಸಂತಾನವೇ. ಎಲ್ಲಿ ದೊಂಬಿ ಮುಗಿದು ಎಲ್ಲಿ ಯುದ್ಧ ಶುರು ಅನ್ನೋ ಜಗಳ ಇಲ್ಲಿನ ಕೋರ್ಟುಗಳಲ್ಲೂ ನಡೆದಿದೆ.

ಲಂಡನ್‌ನಲ್ಲಿ ಶಿರಸಿ

ಗಾರ್ಡನ್ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ ಅಂತಲೂ ಹೇಳಿಬಿಡುತ್ತೇನೆ. 1787ರಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಬಗ್ಗೆ, ಇಂಗ್ಲೆಂಡಿನ ನ್ಯಾಯವ್ಯವಸ್ಥೆ ಬಗ್ಗೆ ಕೆಟ್ಟದಾಗಿ ಬರೆದ ಅಂತ ಮಾನಹಾನಿ ಕೇಸಾಗಿ, ಐದು ವರ್ಷ ನ್ಯೂಗೇಟಿಗೆ ಹೋದ. ಅಷ್ಟರಲ್ಲಿ ಯಹೂದಿ ಧರ್ಮಕ್ಕೆ ಸೇರಿ ಗಡ್ಡ ಬಿಟ್ಟಿದ್ದ. ಅವಧಿ ಮುಗಿದರೂ ಅವನು ಕೊಟ್ಟ ಜಾಮೀನುದಾರರನ್ನು ಕೋರ್ಟು ಒಪ್ಪಲಿಲ್ಲ. 1793ರಲ್ಲಿ ಜೈಲು ಜ್ವರಕ್ಕೆ ಸತ್ತ. ರಾಣಿಗೆ, ನ್ಯಾಯವ್ಯವಸ್ಥೆಗೆ ಬೈದಿದ್ದಕ್ಕೆ ಐದು ವರ್ಷ, ಊರು ಉರಿದಿದ್ದಕ್ಕೆ ಸೊನ್ನೆ.

ಹಳೇ ಸಂತೆ

ಕಾಯ್ದೆ ಏನಾಯಿತು ಕೊನೆಗೆ? ರದ್ದಾಯಿತಾ?

ದೀಪದ ಕಂಬ

ಇಲ್ಲ, 1778ರ ಕಾಯ್ದೆ ಹಾಗೇ ಉಳಿಯಿತು. 1791ರಲ್ಲಿ ನೋಂದಣಿ ಮಾಡಿಸಿದರೆ ಚಾಪೆಲ್ ಕಟ್ಟಬಹುದು ಅಂತಾಯಿತು. ಆದರೆ ಗೋಪುರ, ಗಂಟೆ ಇರಬಾರದು. ಶಿರಸಿಯವರು ಹೇಳಿದ ಆ ಇಟ್ಟಿಗೆ ಕಟ್ಟಡ ಹೊರಗಿನಿಂದ ಹಾಗಿರೋದಕ್ಕೆ ಕಾರಣ ಆ ಕಾಲದ ಭಯವೂ ಇರಬಹುದು. ಪಾರ್ಲಿಮೆಂಟಿನಲ್ಲಿ ಕೂರಲು 1829ರವರೆಗೆ ಕಾಯಬೇಕಾಯಿತು.

ವಕೀಲ್ ಸಾರ್, ಪೂರ್ತಿ ಒಪ್ಪಿಲ್ಲ ನಾನು. ಮೂರು ತಿಂಗಳ ಸೆಕ್ಷನ್ನಿಗೂ ಗಲ್ಲಿಗೂ ನಡುವೆ ಇನ್ನೇನಾದರೂ ಇರಲೇಬೇಕಿತ್ತು. ಪ್ರಚೋದನೆ ಅಂತಲೇ ಹಾಕಿ ಒಂದೆರಡು ವರ್ಷ ಒಳಗಿಡಬಹುದಿತ್ತು.

ಅಡ್ವೊಕೇಟ್ ಹಾವೇರಿ

ಹಾಕಬಹುದಿತ್ತು. ಪಾದ್ರಿಯ ಸಾಕ್ಷ್ಯ ಅದಕ್ಕೆ ಸಾಕಾಗುತ್ತಿತ್ತು ಅಂತಲೇ ನನಗೂ ಅನ್ನಿಸುತ್ತದೆ.

ಲಿಂಗಸುಗೂರು ಎಕ್ಸ್‌ಪ್ರೆಸ್

20 ಸಹಿ, 10 ಜನದ ಆ ಕಾಯ್ದೆ ಈಗಲೂ ಇದೆಯಾ ಅಲ್ಲಿ? ಇದ್ದರೆ ಶಿರಸಿಯವರು ಹುಷಾರು.

ಲಂಡನ್‌ನಲ್ಲಿ ಶಿರಸಿ

1986ರಲ್ಲಿ ತೆಗೆದರು ಮಾರಾಯ್ರೆ. ರಾಯಟ್ ಆಕ್ಟ್ ಅದಕ್ಕೂ ಮೊದಲೇ ಹೋಯಿತು. 1351ರದ್ದು ಮಾತ್ರ ಈಗಲೂ ಇದೆ.